ಮಾವಾರ ಜಡ್ಡು, ಸರಕಾರದ ಕಾಗದ

ಮಿಲ್ಟ್ರಿಯಿಂದ ಬಂದ ಮಂದಿ ನಮ್ಮ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಸೀಮಿದಾಗ ಭಾಳ ಊರಾಗ ಸಿಗತಾರ. ಆಗಸ್ಟ್ ಹದಿನೈದಕ್ಕ ಸಾಲಿಗೆ ಕರದು ಹಾರ ಹಾಕತೀವಿ, ಶಾಲು ಹೊದಸತೀವಿ. 2016ರ ಫೆಬ್ರುವರಿದಾಗ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರು ಸಿಯಾಚಿನ್ ಹಿಮದ ಕೆಳಗ ಆರು ದಿನ ಹೂತು, ಜೀವಂತ ಸಿಕ್ಕು, ಆಮ್ಯಾಲ 11ನೇ ತಾರೀಖಿಗೆ ದೆಹಲಿ ದವಾಖಾನಿದಾಗ ತೀರಿಕೊಂಡಾಗ ನಮ್ಮ ಓಣಿದಾಗ ಯಾರ ಗಂಟಲಾಗೂ ರೊಟ್ಟಿ ಇಳೀಲಿಲ್ಲ. ಅದು ಇರಬೇಕಾದ್ದ. ಆದ್ರ ಜೀವ ಉಳಿಸಿಕೊಂಡು, ಮೈಯಾಗ ಒಂದು ಜಡ್ಡು ಹೊತ್ಕೊಂಡು ಮನಿಗೆ ಬಂದವರ ಲೆಕ್ಕ ಯಾರು ಇಡತಾರ? ಗುಂಡು ತಾಗಿ ಕಾಲು ಹೋಗಿದ್ರ ಕಣ್ಣಿಗೆ ಕಾಣತೈತಿ. ಫಿಟ್ಸ್, ಬಿಪಿ, ಸಕ್ಕರಿ ಜಡ್ಡು, ಮನಸ್ಸಿನ ಬ್ಯಾನಿ ಇವು ಕಾಣಂಗಿಲ್ಲ. ಕಾಣಲಾರದ್ದಕ್ಕ ಹಾರಾನೂ ಇಲ್ಲ, ಪಿಂಚಣಿನೂ ಇಲ್ಲ.

ನಾ ಇವತ್ತ ಹೇಳೂದು ಇಷ್ಟ. ಸೇವಾದಾಗ ಇದ್ದಾಗ ಜಡ್ಡು ಬಂದು, ಅಂಗವೈಕಲ್ಯ ಪಿಂಚಣಿ ಕೊಡಂಗಿಲ್ಲ ಅಂತ ವಾಪಸ್ ಕಳಿಸಿಕೊಂಡವರು ಎಷ್ಟು ವರ್ಷ ಆಗಿದ್ರೂ ಆ ಹಕ್ಕು ಕೇಳಬೇಕು. ಅವರಿಗೆ ಆಗದಿದ್ರ ಮನಿ ಮಂದಿ ಕೇಳಬೇಕು. ಮತ್ತ ಅದನ್ನ ಬ್ಯಾಗನ ಕೇಳಬೇಕು, ಯಾಕಂದ್ರ ಈ ಕೆಲಸಕ್ಕ ಬೇಕಾದ ಕಾಗದಕ್ಕೂ ಒಂದು ಆಯುಷ್ಯ ಇರತೈತಿ.

ನಮ್ಮ ಮಾವಾರ ವಿಷಯ ಇಲ್ಲಿ ಹೇಳಲೇಬೇಕು. 1993ರಾಗ ಭರ್ತಿ ಆದ್ರು. ಭರ್ತಿ ಆಗುವಾಗ ಡಾಕ್ಟರು ತಲಿಯಿಂದ ಕಾಲತನಕ ನೋಡಿ, ಯಾವ ಜಡ್ಡೂ ಇಲ್ಲ ಅಂತ ಬರದು ಒಳಗ ತಗೊಂಡ್ರು. ಕಾಶ್ಮೀರದಾಗ ಇದ್ದಾಗ ಒಂದು ರಾತ್ರಿ ಡ್ಯೂಟಿ ಮ್ಯಾಲ ಫಿಟ್ಸ್ ಬಂದು ಬಿದ್ರು. ಆಮ್ಯಾಲ ಮತ್ತ ಬಂತು. 2001ರಾಗ ಬೋರ್ಡ್ ಮಾಡಿ ಮನಿಗೆ ಕಳಿಸಿದ್ರು. ಹತ್ತು ವರ್ಷ ಸೇವಾ ತುಂಬಿರಲಿಲ್ಲ, ಹಂಗಾಗಿ ಒಂದಿಷ್ಟು ಗ್ರಾಚ್ಯುಟಿ ಸಿಕ್ತು, ಪಿಂಚಣಿ ಇಲ್ಲ. ಶೇಕಡಾ 20 ವೈಕಲ್ಯ ಅಂತ ಬರದು, ಅದರ ಮುಂದ ಇಂಗ್ಲಿಷಿನ್ಯಾಗ ನಾಕು ಅಕ್ಷರ ಹಾಕಿದ್ರು. ಕೂಡಿಸಿ ಓದಿದ್ರ "ನಾನಾ" ಅಂತ ಆಗತೈತಿ. ಮಿಲ್ಟ್ರಿ ಮಂದಿಗೆಲ್ಲ ಗೊತ್ತಿರೂ ಶಬ್ದ ಅದು. ಅರ್ಥ: ಈ ಜಡ್ಡು ಸೇವಾದಿಂದ ಬಂದದ್ದೂ ಅಲ್ಲ, ಸೇವಾದಿಂದ ಹೆಚ್ಚಾದದ್ದೂ ಅಲ್ಲ.

ಹಂಗಾದ್ರ ಎಲ್ಲಿಂದ ಬಂತು? ಅದಕ್ಕೂ ಕಾಗದದಾಗ ಒಂದು ಶಬ್ದ ಇತ್ತು: "ಕಾನ್‌ಸ್ಟಿಟ್ಯೂಷನಲ್". ಅಂದ್ರ ಇದು ಅವರ ಮೈ ಹುಟ್ಟಿದ ಗುಣ. ಈ ಒಂದು ಶಬ್ದ ನಮ್ಮ ಮನಿಯಾಗ ಮಾಡಿದ ಹಾನಿ ರೊಕ್ಕದ ಹಾನಿಗಿಂತ ಸಣ್ಣದಲ್ಲ. ಫಿಟ್ಸ್ ಅಂದ್ರ ನಮ್ಮ ಕಡೆ ಇನ್ನೂ ಬೀಗರು ಹಿಂದ ಸರೀತಾರ. ನಮ್ಮ ನಾದಿನಿನ್ನ ನೋಡಾಕ ಬಂದವರು ಒಬ್ಬರು ಎದ್ದು ಹೋಗುವಾಗ "ಮನೆತನದಾಗ ಐತೇನ್ರಿ ಇದು?" ಅಂತ ಅತ್ತಿಯಾರನ್ನ ಕೇಳಿದ್ರು. ಮಾವಾರ ಅಪ್ಪನಿಗಿಲ್ಲ, ಅಜ್ಜನಿಗಿಲ್ಲ, ಅಣ್ಣತಮ್ಮಂದಿರಿಗಿಲ್ಲ. ಆದ್ರೂ ಸರಕಾರದ ಮುದ್ರಿ ಇರೂ ಕಾಗದ ಹುಟ್ಟಿನಿಂದ ಬಂದದ್ದು ಅಂದ ಮ್ಯಾಲ ಅತ್ತಿಯಾರು ಏನಂತ ವಾದ ಮಾಡಬೇಕು?

ಆ ಕಾಗದದಾಗ ಇನ್ನೊಂದು ಸಾಲಿತ್ತು, ಆರು ತಿಂಗಳೊಳಗ ಅಪೀಲು ಮಾಡಬಹುದು ಅಂತ. ಅದೂ ಇಂಗ್ಲಿಷಿನ್ಯಾಗ. ಯಾರೂ ಓದಿ ತಿಳಿಸಿ ಹೇಳಲಿಲ್ಲ. ಅತ್ತಿಯಾರು ಅದನ್ನ ಧಾರಿ ಸೀರಿ ಜೋಡಿ ಟ್ರಂಕಿನ್ಯಾಗ ಇಟ್ರು. ಅವತ್ತಿನಿಂದ ಅವರ ಸಂಸಾರ ಹ್ಯಾಂಗ ನಡೀತು ಅಂದ್ರ, ಮಾವಾರು ಒಬ್ಬರ ಹೊಳಿಗೆ ಹೋಗೂಹಂಗಿಲ್ಲ, ಗಾಡಿ ಹೊಡಿಯೂಹಂಗಿಲ್ಲ, ಒಲಿ ಮುಂದ ಕುಂದರೂಹಂಗಿಲ್ಲ, ಮಾಳಿಗಿ ಹತ್ತೂಹಂಗಿಲ್ಲ. "ಕುಮಾರಪಟ್ಣದಾಗ ಇದ್ದೀರಿ, ಕಾರ್ಖಾನಿ ಐತಿ, ಮಿಲ್ಟ್ರಿ ಮಂದಿಗೆ ಗೇಟಿನ ಕೆಲಸ ಸಿಗಂಗಿಲ್ಲೇನು" ಅಂತ ಬಂದವರೆಲ್ಲ ಕೇಳತಿದ್ರು. ನಿದ್ದಿ ಕೆಟ್ರ ಫಿಟ್ಸ್ ಬರೂ ಮನಶ್ಯಾ ರಾತ್ರಿ ಪಾಳಿ ಹ್ಯಾಂಗ ಮಾಡತಾನ? ಅತ್ತಿಯಾರು ಮಂದಿ ಹೊಲಕ್ಕ ಮೆಣಸಿನಕಾಯಿ ಬಿಡಸಾಕ ಹೋಗಿ ಮೂರು ಮಕ್ಕಳನ್ನ ದೊಡ್ಡವರನ್ನ ಮಾಡಿದ್ರು. ಗುಳಿಗಿ ಒಂದು ದಿನಾನೂ ತಪ್ಪಸಲಿಲ್ಲ.

ಈಗ ಕಾಯ್ದೆ ಏನು ಹೇಳತೈತಿ ನೋಡ್ರಿ. 2013ರ ಜುಲೈದಾಗ ಸುಪ್ರೀಂ ಕೋರ್ಟು ಧರ್ಮವೀರ ಸಿಂಗ್ ಅನ್ನೂವರ ಪ್ರಕರಣದಾಗ ತೀರ್ಪು ಕೊಟ್ಟಿತು. ಅವರು 1985ರಾಗ ಸಿಗ್ನಲ್ಸ್ ದಳಕ್ಕ ಸೇರಿದವರು. 1994ರಾಗ ಫಿಟ್ಸ್ ಅಂತ ಬೋರ್ಡ್ ಮಾಡಿ ಮನಿಗೆ ಕಳಿಸಿದ್ರು, ಅದೂ ಶೇಕಡಾ 20. ಅವರಿಗೂ ಹುಟ್ಟುಗುಣದ ಜಡ್ಡು ಅಂತನ ಹೇಳಿದ್ರು. ಕೋರ್ಟು ಕೇಳಿದ್ದು ಸೀದಾ ಪ್ರಶ್ನೆ: ಭರ್ತಿ ಮಾಡಿಕೊಳ್ಳುವಾಗ ನೀವ ಪರೀಕ್ಷಾ ಮಾಡೀರಿ, ಜಡ್ಡು ಇತ್ತು ಅಂತ ಆಗ ಬರದಿಲ್ಲ. ಸೇವಾದಾಗ ಇದ್ದಾಗ ಬಂದೈತಿ. ಅಂದ ಮ್ಯಾಲ ಸೇವಾದಿಂದ ಬಂತು ಅಂತನ ಮೊದಲು ತಿಳಕೋಬೇಕು. ಅಲ್ಲ ಅನ್ನೂವರು ಅದನ್ನ ಸಿದ್ಧ ಮಾಡಬೇಕು, ಸಿಪಾಯಿ ಅಲ್ಲ. ಸಂಶಯ ಇದ್ರ ಅದರ ಲಾಭ ಸಿಪಾಯಿಗೆ. ಇದು ಕೋರ್ಟು ಹೊಸದಾಗಿ ಹುಟ್ಟಿಸಿದ ಮಾತಲ್ಲ, 1982ರ ಸರಕಾರಿ ನಿಯಮದಾಗನ ಇದ್ದದ್ದು.

2025ರ ಏಪ್ರಿಲ್‌ದಾಗ ಇನ್ನೊಂದು ತೀರ್ಪು ಬಂತು, ಬಿಜೇಂದರ ಸಿಂಗ್ ಅವರದು. ಸಿಯಾಚಿನ್ ಕಡೆ ಡ್ಯೂಟಿ ಮಾಡಿದವರು. ಅವರದೂ ಫಿಟ್ಸ್. 1989ರಾಗ ಮನಿಗೆ ಬಂದವರಿಗೆ 36 ವರ್ಷದ ಮ್ಯಾಲ ಸುಪ್ರೀಂ ಕೋರ್ಟಿನ್ಯಾಗ ನ್ಯಾಯ ಸಿಕ್ತು. ಮುಂದ ಮೇ ತಿಂಗಳದಾಗ ರಾಜುಮೋನ್ ಅನ್ನೂ ಮಾಜಿ ಸೈನಿಕರ ಪ್ರಕರಣದಾಗ, ಅವರದು ಮನಸ್ಸಿನ ಜಡ್ಡು, ಮೆಡಿಕಲ್ ಬೋರ್ಡ್ ಕಾರಣ ಬರೀದ ಬರೇ "ಸೇವಾದಿಂದ ಬಂದದ್ದಲ್ಲ" ಅಂತ ಅಭಿಪ್ರಾಯ ಕೊಟ್ರ, ಅದರ ಮ್ಯಾಲ ಪಿಂಚಣಿ ಕಸಿಯಾಕ ಬರಂಗಿಲ್ಲ ಅಂತ ಅದ ಕೋರ್ಟು ಹೇಳಿತು. ಇವನ್ನೆಲ್ಲ ಓದಿದ ಮ್ಯಾಲ ನನಗನಿಸಿದ್ದು, ನಮ್ಮ ಮಾವಾರ ಕಾಗದದಾಗ ಕಾರಣದ ಜಾಗಾದಾಗ ಇದ್ದದ್ದು ಒಂದ ಶಬ್ದ. ಡಾಕ್ಟರು ಕಾರಣ ಬರೀಬೇಕಾದಲ್ಲಿ ಜಡ್ಡಿನ ಜಾತಿ ಬರದು ಬಿಟ್ಟಾರ.

ರೊಕ್ಕದ ಮಾತೂ ಬಿಡಸಿ ಹೇಳತೇನಿ, ಮನಿ ನಡಸೂವರಿಗೆ ಅದು ಗೊತ್ತಿರಬೇಕು. ಈಗಿನ ಲೆಕ್ಕದಾಗ ನೂರಕ್ಕ ನೂರು ವೈಕಲ್ಯ ಇದ್ದವರಿಗೆ ಕಡೇ ಪಗಾರಿನ ಶೇಕಡಾ 30 ಅಂಗವೈಕಲ್ಯದ ಭಾಗ ಅಂತ ಸಿಗತೈತಿ. ಕಡೇ ಪಗಾರ 30,000 ರೂಪಾಯಿ ಅಂತ ಇಟ್ಕೊಂಡ್ರ ಅದು 9,000. ಶೇಕಡಾ 20 ಇದ್ದವರಿಗೆ ಅದರ ಐದನೇ ಒಂದು ಭಾಗ, 1,800. ಆದ್ರ 50ಕ್ಕಿಂತ ಕಡಿಮಿ ಇದ್ದದ್ದನ್ನ 50 ಅಂತ ಹಿಡಿಯೂ ನಿಯಮ ಐತಿ. ಅದು ಮೊದಲ ಬೋರ್ಡ್ ಆಗಿ ಬಂದವರಿಗಷ್ಟ ಇತ್ತು. 2014ರ ಡಿಸೆಂಬರದಾಗ ರಾಮ್ ಅವತಾರ್ ಪ್ರಕರಣದಾಗ ಸುಪ್ರೀಂ ಕೋರ್ಟು, ವಯಸ್ಸಾಗಿ ನಿವೃತ್ತಿ ಆದವರಿಗೂ ಅದು ಸಿಗಬೇಕು ಅಂದಿತು. ಹಂಗಾದ್ರ 1,800 ಹೋಗಿ 4,500 ಆಗತೈತಿ, ಅದರ ಮ್ಯಾಲ ತುಟ್ಟಿಭತ್ಯೆ. ನಮ್ಮ ಮಾವಾರಂಗ ಅರ್ಧ ದಾರಿದಾಗ ಮನಿಗೆ ಬಂದವರಿಗೆ ಸೇವಾದ ಭಾಗದ ಪಿಂಚಣಿ ಬ್ಯಾರೆ. ಇದಕ್ಕಿಂತ ದೊಡ್ಡದು, ಪಿಂಚಣಿ ಇದ್ದವರಿಗೆ 2003ರಿಂದ ಇಸಿಎಚ್‌ಎಸ್ ಅನ್ನೂ ಆರೋಗ್ಯ ಯೋಜನಿ ಐತಿ. ದಿನಾ ಗುಳಿಗಿ ತಗೊಳ್ಳೂ ಮನಿಗೆ ಅದು ಏನು ಅಂತ ನಾ ಬಿಡಸಿ ಹೇಳೂದು ಬ್ಯಾಡ.

ಇಷ್ಟಿದ್ರೂ ನಮ್ಮ ಮಂದಿ ಯಾಕ ಕೇಳಂಗಿಲ್ಲ? ನಾ ಕಂಡಂಗ ಮೂರು ಕಾರಣ ಅದಾವ. ಒಂದು, ಸ್ವಾಭಿಮಾನ. "ದೇಶದ ಅನ್ನ ತಿಂದೇನಿ, ಮತ್ತ ಕೈ ಚಾಚಲಿ ಏನು?" ಅಂತ ಮಾವಾರು ಭಾಳ ವರ್ಷ ಅಂದ್ರು. ಅವರಿಗೆ ನಾ ಹೇಳಿದ್ದು, ಪಿಂಚಣಿ ಅನ್ನೂದು ಧರ್ಮಕ್ಕ ಕೊಡೂದಲ್ಲ, ಮಾಡಿದ ದುಡಿಮಿಯ ಹಕ್ಕು ಅಂತ 1982ರಾಗನ ನಕಾರಾ ಪ್ರಕರಣದಾಗ ಸುಪ್ರೀಂ ಕೋರ್ಟು ಹೇಳಿ ಮುಗಿಸೈತಿ. ಎರಡು, ನಾಚಿಕಿ. ಅರ್ಜಿ ಹಾಕಿದ್ರ ಜಡ್ಡು ನಾಕು ಮಂದಿಗೆ ಗೊತ್ತಾಗತೈತಿ ಅಂತ. ಮುಚ್ಚಿಟ್ಟು ಮುಚ್ಚಿಟ್ಟು ಇವತ್ತಿನ ತನಕ ನಮಗ ಏನು ಲಾಭ ಆಗೈತಿ? ಮೂರು, ತಡಾ. "ಇಪ್ಪತ್ತು ವರ್ಷ ಆತು, ಈಗ ಯಾರು ಕೇಳತಾರ" ಅನ್ನೂ ಮಾತು.

ಈ ಮೂರನೇದಕ್ಕ ಉತ್ತರ ಸ್ವಲ್ಪ ತಿಳ್ಕೋಬೇಕು. ಪಿಂಚಣಿ ಪ್ರತಿ ತಿಂಗಳು ಬರಬೇಕಾದ್ದು. ಬರಲಿಲ್ಲ ಅಂದ್ರ ಅನ್ಯಾಯ ಪ್ರತಿ ತಿಂಗಳು ಹೊಸದಾಗಿ ಆಗತೈತಿ. ಹಂಗಾಗಿ ಬರೇ ತಡಾ ಆಗೈತಿ ಅಂತ ಬಾಗಲಾ ಹಾಕೂದು ಸರಿ ಅಲ್ಲ ಅಂತ 2008ರ ತರ್ಸೇಮ್ ಸಿಂಗ್ ಪ್ರಕರಣದಿಂದ ತಿಳೀತೈತಿ. ಆದ್ರ ಅದ ತೀರ್ಪಿನ್ಯಾಗ ಹಿಂದಿನ ಬಾಕಿಗೆ ಕೋರ್ಟು ಮಿತಿ ಹಾಕಿತು: ಅರ್ಜಿ ಹಾಕಿದ ದಿನದ ಹಿಂದಿನ ಮೂರು ವರ್ಷದ್ದಷ್ಟ. ಅಂದ್ರ ತಡಾ ಮಾಡಿದ್ರ ಹಕ್ಕು ಉಳೀತೈತಿ, ರೊಕ್ಕ ಸೋರಿ ಹೋಗತೈತಿ. ಇವತ್ತ ಹಾಕೂ ಅರ್ಜಿ ಮುಂದಿನ ವರ್ಷಕ್ಕ ಮುಂದೂಡಿದ್ರ ಒಂದು ವರ್ಷದ ಬಾಕಿ ಕೈ ಬಿಟ್ಟು ಹೋಗಬಹುದು.

ಅದಕ್ಕಿಂತ ನನಗ ಅಂಜಿಕಿ ಹುಟ್ಟಿಸಿದ್ದು ಕಾಗದದ ವಿಷಯ. ಸೈನ್ಯದ ನಿಯಮದ ಪ್ರಕಾರ, ಪಿಂಚಣಿ ಇಲ್ಲದವರ ಸೇವಾ ದಾಖಲಿ 25 ವರ್ಷ ಇಟ್ಟು ಆಮ್ಯಾಲ ನಾಶ ಮಾಡತಾರ. ಪಿಂಚಣಿ ಇದ್ದವರ ದಾಖಲಿ ಅದಕ್ಕಿಂತ ಭಾಳ ವರ್ಷ ಇರತಾವ. ವಿಚಾರ ಮಾಡ್ರಿ, ಯಾರಿಗೆ ಪಿಂಚಣಿ ಕೊಟ್ಟಿಲ್ಲೋ ಅವರ ಕಾಗದನ ಮೊದಲು ಹೋಗತೈತಿ. ಪಿಂಚಣಿ ಯಾಕ ಕೊಡಲಿಲ್ಲ ಅಂತ ಕೇಳಾಕ ಬೇಕಾದ್ದು ಅದ ಕಾಗದ. ನಮ್ಮ ಮಾವಾರು 2001ರಾಗ ಬಂದವರು, ಅವರ 25 ವರ್ಷ 2026ಕ್ಕ ತುಂಬತಾವ. ನಾವು 2019ರಾಗ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಮೆಡಿಕಲ್ ಬೋರ್ಡಿನ ನಕಲು ತರಿಸಿ ಇಟ್ಟೀವಿ.

ಆ ಕೆಲಸ ಹ್ಯಾಂಗ ಮಾಡೂದು ಅಂತ ಕೇಳಿದವರಿಗೆ ನಾ ಹೇಳೂದನ್ನ ಇಲ್ಲೂ ಹೇಳತೇನಿ. ಮೊದಲು ಮನಿ ಟ್ರಂಕು ತಗೀರಿ. ಡಿಸ್ಚಾರ್ಜ್ ಬುಕ್ಕು, ಮೆಡಿಕಲ್ ಬೋರ್ಡಿನ ಕಾಗದ, ಪಿಂಚಣಿ ಇಲ್ಲ ಅಂತ ಬಂದ ಪತ್ರ, ದವಾಖಾನಿ ಚೀಟಿ, ಊರಿಗೆ ಬಂದ ಮ್ಯಾಲಿನ ಗುಳಿಗಿ ಚೀಟಿನೂ, ಎಲ್ಲಾ ಒಂದು ಕಡೆ ಕೂಡಿಸ್ರಿ. ನಂಬರು, ಹುದ್ದೆ, ಯೂನಿಟ್ಟು ಬರದು ಇಡ್ರಿ. ಮೆಡಿಕಲ್ ಬೋರ್ಡಿನ ಕಾಗದ ಇಲ್ಲದಿದ್ರ ಅವರ ದಳದ ರೆಕಾರ್ಡ್ ಆಫೀಸಿಗೆ 2005ರ ಮಾಹಿತಿ ಹಕ್ಕು ಕಾಯ್ದೆ ಪ್ರಕಾರ ಅರ್ಜಿ ಹಾಕ್ರಿ. ಮರಾಠಾ ಲೈಟ್ ಇನ್‌ಫೆಂಟ್ರಿದು ಬೆಳಗಾವಿ, ಮದ್ರಾಸ್ ಸ್ಯಾಪರ್ಸ್‌ದು ಬೆಂಗಳೂರು, ಮದ್ರಾಸ್ ರೆಜಿಮೆಂಟಿಂದು ನೀಲಗಿರಿಯ ವೆಲ್ಲಿಂಗ್ಟನ್. ಫೀಸು 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೀತೈತಿ. 30 ದಿನದೊಳಗ ಉತ್ತರ ಕೊಡಬೇಕು. ಅರ್ಜಿಗೆ ಮಾಜಿ ಸೈನಿಕರದ್ದ ಸಹಿ ಇರಲಿ. ಆರೋಗ್ಯದ ಕಾಗದ ಅಂದ್ರ ಖಾಸಗಿ ಮಾಹಿತಿ, ಮಂದಿ ಕೇಳಿದ್ರ ಕೊಡಂಗಿಲ್ಲ, ತಮ್ಮದನ್ನ ತಾವು ಕೇಳಿದ್ರ ಇಲ್ಲ ಅನ್ನಾಕ ಬರಂಗಿಲ್ಲ.

ನಕಲು ಬಂದ ಮ್ಯಾಲ ಅದರಾಗ ಎರಡು ಜಾಗಾ ನೋಡ್ರಿ. ಭರ್ತಿ ಆಗುವಾಗ ಈ ಜಡ್ಡು ಇತ್ತು ಅಂತ ಬರದಾರೇನು? ಸೇವಾದಿಂದ ಬಂದದ್ದಲ್ಲ ಅನ್ನಾಕ ಕಾರಣ ಬರದಾರೇನು? ಎರಡಕ್ಕೂ ಇಲ್ಲ ಅಂದ್ರ ನಿಮ್ಮ ಕೈಯಾಗ ಗಟ್ಟಿ ಕಾಗದ ಐತಿ. ಮೊದಲನೇ ಅಪೀಲು, ಎರಡನೇ ಅಪೀಲು ಅಂತ ಸೈನ್ಯದ ಒಳಗ ಎರಡು ಮೆಟ್ಟಲಾ ಅದಾವ. ಅಲ್ಲೂ ಇಲ್ಲ ಅಂದ್ರ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆಯಿಂದ ಹುಟ್ಟಿ 2009ರಾಗ ಶುರುವಾದದ್ದು, ನಮ್ಮ ಕರ್ನಾಟಕದ ಪ್ರಕರಣ ಅದರ ಕೊಚ್ಚಿ ಪೀಠಕ್ಕ ಹೋಗತಾವ. ಮಾಜಿ ಸೈನಿಕರು ಇಲ್ಲದಿದ್ರ ಅವರ ಹೆಂಡ್ತಿ ಕೇಳಬಹುದು. ಏಜೆಂಟರು ಬಂದು "ಬಾಕಿದಾಗ ಅರ್ಧ ಕೊಡ್ರಿ" ಅಂದ್ರ ಕೊಡಬ್ಯಾಡ್ರಿ. ಸೈನಿಕ ಕಲ್ಯಾಣ ಕಚೇರಿದಾಗ ಅರ್ಜಿ ಬರಿಯಾಕ ಸಹಾಯ ಕೇಳ್ರಿ.

ಇದಕ್ಕ ಎದುರು ಮಾತೂ ಐತಿ, ಅದನ್ನ ಮುಚ್ಚಿಡೂದು ಬ್ಯಾಡ. "ಬಿಪಿ, ಶುಗರು ಎಲ್ಲಾರಿಗೂ ಬರತಾವ. ಮನಿಯಾಗ ಕುಂತವರಿಗೂ ಬರತಾವ. ಅದಕ್ಕೂ ಸೈನ್ಯನ ಕಾರಣ ಅಂದ್ರ ಹ್ಯಾಂಗ? ದೊಡ್ಡ ಹುದ್ದೆದವರು ನಿವೃತ್ತಿ ಟೈಮಿಗೆ ಇದನ್ನ ತಗೊಂಡು ಹೋಗತಾರಲ್ಲ" ಅಂತ. ಈ ಮಾತಿನ್ಯಾಗ ಖರೇ ಇಲ್ಲ ಅಂತ ನಾ ಅನ್ನಂಗಿಲ್ಲ. ದುರುಪಯೋಗ ಆಗೋದಿದ್ರ ತಡೀಲಿ. 2023ರ ಸೆಪ್ಟೆಂಬರದಾಗ ಸರಕಾರ ನಿಯಮ ಬದಲೂ ಮಾಡೈತಿ. ಆದ್ರ ತಡಿಯೂದು ಅಂದ್ರ ಒಬ್ಬೊಬ್ಬರ ವಿಷಯ ಕುಂತು ನೋಡಿ, ಇವರಿಗೆ ಯಾಕ ಇಲ್ಲ ಅಂತ ಕಾರಣ ಬರಿಯೂದು. ಎಲ್ಲಾರಿಗೂ ಒಂದ ಮುದ್ರಿ ಹೊಡದು ಕಳಸೂದಲ್ಲ. 2025ರ ಮಾರ್ಚ್‌ದಾಗ ದೆಹಲಿ ಹೈಕೋರ್ಟು ಸಕ್ಕರಿ ಜಡ್ಡಿನ ಒಂದು ಪ್ರಕರಣದಾಗ ಇದನ್ನ ಹೇಳೈತಿ: ಶಾಂತ ಜಾಗಾದಾಗ ಇದ್ದಾಗ ಬಂತು ಅನ್ನೂದೊಂದ ಕಾರಣ ಸಾಲಂಗಿಲ್ಲ. ದೊಡ್ಡ ಸಾಹೇಬರು ವಕೀಲರನ್ನ ಇಟ್ಟು ತಮ್ಮದು ತಾವು ತಗೋತಾರ. ಬಿಗಿ ಮಾಡಿದ ಹಗ್ಗ ಕಡಿಗೆ ಬಿಗಿಯೂದು ಇಂಗ್ಲಿಷ್ ಓದಾಕ ಬರಲಾರದ ಸಿಪಾಯಿ ಕುತ್ತಿಗಿನ.

ಗೆದ್ದವರನ್ನೂ ಸುಮ್ಮನ ಬಿಡಂಗಿಲ್ಲ ಅನ್ನೂದು ಇನ್ನೊಂದು ಸಂಕಟ. ನ್ಯಾಯಮಂಡಳಿ ಕೊಡ್ರಿ ಅಂದ ಮ್ಯಾಲೂ ಸರಕಾರ ಮ್ಯಾಲಿನ ಕೋರ್ಟಿಗೆ ಹೋಗತೈತಿ. 2015ರಾಗ ರಕ್ಷಣಾ ಮಂತ್ರಿ ಮನೋಹರ ಪರ್ರೀಕರ್ ಅವರು ನೇಮಿಸಿದ ತಜ್ಞರ ಸಮಿತಿ, ಜಡ್ಡಾದ ಸಿಪಾಯಿಗಳ ಮ್ಯಾಲ ಇಂಥ ಅಪೀಲು ಹಾಕೂದು ಕಡಿಮಿ ಮಾಡ್ರಿ ಅಂತ ಹೇಳಿತ್ತು. ಹತ್ತು ವರ್ಷದ ಮ್ಯಾಲ, 2025ರ ಜುಲೈದಾಗ, ದೆಹಲಿ ಹೈಕೋರ್ಟು ಸರಕಾರ ಹಾಕಿದ್ದ ಇಂಥ ನೂರಾರು ಅರ್ಜಿ ಒಟ್ಟಿಗೆ ವಜಾ ಮಾಡಬೇಕಾತು. ಆ ನೂರಾರು ಅರ್ಜಿ ಅಂದ್ರ ನೂರಾರು ಮನಿ. ಪ್ರತಿ ಮನಿಯಾಗೂ ಯಾರೋ ಒಬ್ಬರು ಪೋಸ್ಟ್‌ಮ್ಯಾನ್ ದಾರಿ ಕಾಯಕೊಂತ ಕುಂತಿದ್ದರು.

ಅಮೆರಿಕಾದಾಗ 2022ರ ಆಗಸ್ಟ್ ತಿಂಗಳದಾಗ ಪ್ಯಾಕ್ಟ್ ಅಂತ ಒಂದು ಕಾಯ್ದೆ ತಂದರು. ಇರಾಕು, ಅಫ್ಘಾನಿಸ್ತಾನದಾಗ ಕಸ ಸುಡೂ ಕುಣಿ ಹೊಗಿ ಕುಡದ ಸಿಪಾಯಿಗಳಿಗೆ ಇಂತಿಂಥ ಜಡ್ಡು ಬಂದ್ರ ಸೇವಾದಿಂದನ ಬಂತು ಅಂತ ತಿಳಕೋಬೇಕು, ಸಿಪಾಯಿ ಸಿದ್ಧ ಮಾಡೂದು ಬ್ಯಾಡ ಅಂತ ಪಟ್ಟಿ ಹಾಕಿದ್ರು. ನಮ್ಮಲ್ಲಿ ಅದ ತತ್ವ ಆ ಕಾಯ್ದೆಕಿಂತ 40 ವರ್ಷ ಮೊದಲ ನಿಯಮದಾಗ ಬರದಿಟ್ಟಾರ. ಬರದದ್ದನ್ನ ನಡಸಿದ್ರ ಸಾಕಿತ್ತು.

ನನ್ನ ಕೇಳಿದ್ರ, ಈ ಕೆಲಸ ಮನಿ ಹೆಣ್ಮಕ್ಕಳು ಟ್ರಂಕು ತಗದು ಮಾಡೂ ಕೆಲಸ ಆಗಿರಬಾರದಿತ್ತು. ಯಾರ್ಯಾರನ್ನ ಜಡ್ಡಿನ ಮ್ಯಾಲ ಮನಿಗೆ ಕಳಿಸ್ಯಾರ, ಯಾರ ಕಾಗದದ ಮ್ಯಾಲ "ನಾನಾ" ಅಂತ ಬರದಾರ ಅನ್ನೂದು ರೆಕಾರ್ಡ್ ಆಫೀಸಿನ ದಾಖಲಿದಾಗನ ಇರತೈತಿ. 2013ರ ತೀರ್ಪು ಬಂದ ಮ್ಯಾಲ ಆ ಪಟ್ಟಿ ತಗದು, ಒಬ್ಬೊಬ್ಬರಿಗೂ ಅವರ ಭಾಷಾದಾಗ ಒಂದು ಪತ್ರ ಬರೀಬೇಕಿತ್ತು: ನಿಮ್ಮ ಕಾಗದ ಮತ್ತ ನೋಡತೀವಿ, ಅರ್ಜಿ ಹಾಕ್ರಿ ಅಂತ. 25 ವರ್ಷ ತುಂಬಿದ ದಾಖಲಿ ನಾಶ ಮಾಡೂ ಮೊದಲಾದ್ರೂ ನಕಲು ಮನಿಗೆ ಕಳಿಸಬೇಕು. ಅಷ್ಟು ಅಂಚೆ ಖರ್ಚು ದೊಡ್ಡದಲ್ಲ. ಅದು ಆಗೂ ತನಕ ನಾವ ಕೇಳಬೇಕು.

ನಮ್ಮ ಮಾವಾರ ಅಪೀಲು ಹೋಗೈತಿ. ಒಂದು ಸಲ ತಡಾ ಆಗೈತಿ ಅಂತ ವಾಪಸ್ ಬಂತು, ಮತ್ತ ಹಾಕೀವಿ. ಮುಂದಿನ ಮೆಟ್ಟಲಕ್ಕ ಬೇಕಾದ ಕಾಗದ ತಯಾರ ಅದಾವ. ಏನಾಗತೈತಿ ಅಂತ ಈಗ ಹೇಳಾಕ ಬರಂಗಿಲ್ಲ. ಆದ್ರ ಮೆಡಿಕಲ್ ಬೋರ್ಡಿನ ನಕಲು ಬಂದ ದಿನ ಅದನ್ನ ಕನ್ನಡದಾಗ ಬಿಡಸಿ ಓದಿ ಹೇಳಿದಾಗ, ಅತ್ತಿಯಾರು ಕೇಳಿದ್ದು ರೊಕ್ಕ ಎಷ್ಟು ಅಂತಲ್ಲ. "ಭರ್ತಿ ಆಗುವಾಗ ಏನೂ ಜಡ್ಡು ಇದ್ದಿಲ್ಲ ಅಂತ ಅವರ ಬರದಾರಲ್ಲ?" ಅಂದ್ರು. ಹೌದ್ರಿ, ಅವರ ಬರದಾರ, ಸಹಿನೂ ಐತಿ ಅಂದೆ. ಆ ಹಾಳಿದೊಂದು ಝೆರಾಕ್ಸ್ ಮಾಡಿಸಿ ನಾದಿನಿಗೂ ಕೊಟ್ಟು ಕಳಿಸ್ರಿ ಅಂದ್ರು. ಕೊಟ್ಟು ಕಳಿಸೀವಿ. ನಿಮ್ಮ ಮನಿಯಾಗ, ಓಣಿಯಾಗ ಇಂಥವರು ಯಾರಾದ್ರೂ ಇದ್ರ ಅವರು ಯಾವ ವರ್ಷ ಮನಿಗೆ ಬಂದ್ರು ಅಂತ ಮೊದಲು ಕೇಳ್ರಿ. ಅದಕ್ಕ 25 ಕೂಡಸ್ರಿ. ಉಳದ ವರ್ಷ ಎಷ್ಟು ಅಂತ ಗೊತ್ತಾದ್ರ ಅರ್ಜಿ ಯಾವಾಗ ಬರೀಬೇಕು ಅನ್ನೂದು ತಾನ ತಿಳೀತೈತಿ.